ಕೋಟಿನ ಒಳಗಿನ ಗುರುತು

ನಮ್ಮ ಲಾಂಡ್ರಿಗೆ ಬರುವ ಬಟ್ಟೆಗಳಿಗೆ ಚೀಟಿ ಅಂಟಿಸುವ ಪದ್ಧತಿ ಇಲ್ಲ. ಚೀಟಿ ನೀರಿಗೆ ಬಿದ್ದರೆ ಬಿಟ್ಟುಹೋಗುತ್ತದೆ, ಶಾಯಿ ಹರಡುತ್ತದೆ. ಅಜ್ಜಿಯ ಅತ್ತೆಯ ಕಾಲದಿಂದಲೂ ಇಲ್ಲಿ ಕೆಂಪು ನೂಲಿನ ಗುರುತು. ಬಟ್ಟೆ ಮೊದಲ ಸಲ ಬಂದಾಗ ಕಾಲರಿನ ಒಳಗೆ, ಕಾಲರಿಲ್ಲದಿದ್ದರೆ ಅಂಚಿನ ಮಡಿಕೆಯಲ್ಲಿ, ಉಗುರಿನಷ್ಟು ಜಾಗದಲ್ಲಿ ನಾಲ್ಕಾರು ಹೊಲಿಗೆ ಹಾಕುತ್ತೇವೆ. ಮನೆಗೊಂದು ಗುರುತು. ಕಟಿಂಗ್ ಅಂಗಡಿಯವರದು ಕತ್ತರಿಯ ಹಾಗೆ ಒಂದರ ಮೇಲೊಂದು ಹಾಯ್ದ ಎರಡು ಗೆರೆ. ಬೇಕರಿ ಮನೆಯದು ಮೂರು ಹಲ್ಲಿನ ಬಾಚಣಿಗೆ. ಮೂಲೆ ಮನೆಯ ಅಣ್ಣ ತಮ್ಮ ಬೇರೆಯಾದಾಗ ತಮ್ಮನ ಗುರುತಿಗೆ ಒಂದು ಚುಕ್ಕೆ ಹೆಚ್ಚಾಯಿತು. ಇದೆಲ್ಲ ಯಾವ ಪುಸ್ತಕದಲ್ಲೂ ಇಲ್ಲ. ಅಜ್ಜಿಯ ತಲೆಯಲ್ಲಿತ್ತು, ಈಗ ನನ್ನ ಬೆರಳಲ್ಲೂ ಇದೆ. ಬೆಳಕಿಲ್ಲದ ಹಿಂದಿನ ಕೋಣೆಯಲ್ಲಿ ನಿಂತು ಒದ್ದೆ ಬಟ್ಟೆಯ ಕಾಲರು ಸವರಿದರೆ ಯಾರ ಮನೆಯದೆಂದು ಹೇಳಬಲ್ಲೆ.

ಗುರುತಿನ ಜೊತೆಗೆ ಅಜ್ಜಿ ಕಲಿಸಿದ್ದು ಇನ್ನೊಂದು. ಬಟ್ಟೆಯಿಂದ ತಿಳಿದದ್ದು ಅಂಗಡಿಯ ಹೊಸ್ತಿಲು ದಾಟಬಾರದು. ಯಾರ ಮನೆಯ ದಿಂಬು ಕಣ್ಣೀರಿಗೆ ಕರೆಗಟ್ಟಿದೆ, ಯಾರ ಮನೆಯ ಹೊದಿಕೆ ಎರಡಿದ್ದದ್ದು ಒಂದಾಯಿತು, ಯಾರು ಹರಿದ ಒಳಂಗಿಯ ಮೇಲೆ ಗರಿಗರಿ ಶರ್ಟು ಹಾಕಿ ಓಡಾಡುತ್ತಾರೆ, ಎಲ್ಲವೂ ನಮಗೆ ಗೊತ್ತು. "ಗೊತ್ತಿದ್ರೆ ಗೊತ್ತಿರಲಿ. ಒಗೆದು ಮಡಚಿಡು" ಎನ್ನುತ್ತಿದ್ದಳು.

ನನಗೆ ಅದು ಕಷ್ಟವೇ ಆಗಿರಲಿಲ್ಲ. ನಾನು ಮಾತಾಡುವವಳೇ ಅಲ್ಲ. ಬಟ್ಟೆ ಕೊಡಲು ಬಂದವರು ನಾಲ್ಕು ಪ್ರಶ್ನೆ ಕೇಳಿದರೆ ಒಂದಕ್ಕೆ ತಲೆ ಆಡಿಸುತ್ತೇನೆ. ಎದುರು ಸಾಲಿನ ಕಟಿಂಗ್ ಅಂಗಡಿಯ ಮಾವ ನನಗೆ ಗುಮ್ಮನಗುಸುಕಿ ಎಂದು ಹೆಸರಿಟ್ಟು, ಅದು ಉದ್ದವಾಯಿತೆಂದು ಗುಮ್ಮಿ ಮಾಡಿದ್ದ. ಈಗ ಬೀದಿಗೆಲ್ಲ ನಾನು ಗುಮ್ಮಿ. "ಈ ಹುಡುಗಿ ಬಾಯಿ ಬಿಡಲ್ಲ, ಆದ್ರೆ ಕಣ್ಣು ನೋಡಿ, ಒಂದು ಗುಂಡಿ ಕಿತ್ತಿದ್ರೂ ಲೆಕ್ಕ ಇಟ್ಟಿರುತ್ತೆ" ಎಂದು ಗಿರಾಕಿಗಳ ತಲೆ ಹಿಡಿದುಕೊಂಡೇ ಹೇಳುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನೂ ತಲೆ ತಗ್ಗಿಸಿ ನಗುತ್ತಿದ್ದೆ.

ಶಾಲೆ ಬಿಟ್ಟದ್ದು ಹನ್ನೆರಡನೇ ವಯಸ್ಸಿಗೆ. ಅಜ್ಜಿಗೆ ಕೈ ಬೇಕಿತ್ತು ಎಂದು ಎಲ್ಲರಿಗೂ ಹೇಳಿದೆವು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಒಂದು ದಿನ ಟೀಚರಮ್ಮ ನನ್ನನ್ನು ಎದ್ದುನಿಂತು ಪಾಠ ಓದು ಎಂದರು. ನನ್ನ ದನಿ ಮುಂದಿನ ಬೆಂಚಿಗೂ ಕೇಳಲಿಲ್ಲ. "ಹಿಂದಿನ ಬೆಂಚಿನವರಿಗೆ ಕೇಳೋ ತನಕ ನಿಂತಿರು" ಎಂದರು. ಪೀರಿಯಡ್ ಮುಗಿಯುವವರೆಗೂ ನಿಂತೆ. ಅವರು ಬೈಯಲಿಲ್ಲ, ಹೊಡೆಯಲಿಲ್ಲ. ಹುಡುಗರು ನಕ್ಕರೆ ಅವರನ್ನೇ ಗದರಿದರು. ಆದರೂ ಮರುದಿನ ನಾನು ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ. ಟೀಚರಮ್ಮ ಮೂರು ಸಲ ಲಾಂಡ್ರಿಗೆ ಬಂದು ಕರೆದರು. ಮೂರು ಸಲವೂ ನಾನು ಒಣಹಾಕಿದ ಹೊದಿಕೆಗಳ ಹಿಂದೆ ನಿಂತು ಅವರ ಚಪ್ಪಲಿ ನೋಡುತ್ತಿದ್ದೆ. ಆಮೇಲೆ ಹತ್ತು ವರ್ಷ ಅವರ ಬಟ್ಟೆ ಒಗೆದೆ, ಇಸ್ತ್ರಿ ಮಾಡಿದೆ, ಮನೆಗೆ ಮುಟ್ಟಿಸಿದೆ. ಅವರ ಗುರುತು ಒಂದು ಚೌಕ, ಅದರ ನಡುವೆ ಒಂದು ಹೊಲಿಗೆ. ಆ ಪೀರಿಯಡ್ಡನ್ನು ಮಾತ್ರ ನಾನು ಮರೆಯಲಿಲ್ಲ.

ಹತ್ತನೆಯ ವರ್ಷದ ಚಳಿಗಾಲದಲ್ಲಿ ಬೀದಿಯ ತುದಿಯ ಹಳೆಯ ಗ್ರಂಥಾಲಯಕ್ಕೆ ಹೊಸಬಳೊಬ್ಬಳು ಬಂದಿದ್ದಳು. ಹುರುಪಿನ ಹೆಂಗಸು. ಬೀದಿಯ ಹಳೆಯ ನೆನಪುಗಳದ್ದೊಂದು ಪ್ರದರ್ಶನ ಮಾಡಬೇಕೆಂದು ಮನೆಮನೆಗೆ ಬಂದು ಹೇಳಿದಳು. ಪ್ರದರ್ಶನ ಭಾನುವಾರ. ಗುರುವಾರವೇ ಮನೆಗೊಂದು ಹಳೆಯ ವಸ್ತು ತರಬೇಕು, ಅದರ ಕಥೆ ಹೇಳಬೇಕು, ಅವಳು ಬರೆದುಕೊಂಡು ಪಕ್ಕದಲ್ಲಿ ಇಡುತ್ತಾಳೆ. ಅಜ್ಜಿಗೆ ಮಂಡಿ ನೋವು. ಹಳೆಯ ಇದ್ದಿಲು ಇಸ್ತ್ರಿ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು, "ಇಟ್ಟು ಬಾ. ಕಥೆ ಗಿಥೆ ಕೇಳಿದ್ರೆ ಬಿಸಿ ಇರ್ತಿತ್ತು ಅಂತ ಹೇಳು, ಸಾಕು" ಎಂದಳು.

ಗುರುವಾರ ಮಧ್ಯಾಹ್ನ ಗ್ರಂಥಾಲಯದ ಓದುವ ಕೋಣೆಯಲ್ಲಿ ಇಪ್ಪತ್ತು ಜನ ಸೇರಿದ್ದರು. ಉದ್ದನೆಯ ಮೇಜಿನ ಮೇಲೆ ತಕ್ಕಡಿ, ನಿಂತುಹೋದ ಗಡಿಯಾರ, ಬೇಕರಿಯ ಹಳೆಯ ಅಚ್ಚುಗಳು, ಕಟಿಂಗ್ ಮಾವನ ಅಪ್ಪನ ಕ್ಷೌರದ ಕತ್ತಿ. ಮಾವ ಆ ಕತ್ತಿ ಯಾರ ಯಾರ ಗಲ್ಲ ಕೊಯ್ದಿತ್ತೆಂದು ಹೇಳಿ ನಗಿಸುತ್ತಿದ್ದ. ಟೀಚರಮ್ಮ ತಂದದ್ದು ಅವರ ಬೂದು ಬಣ್ಣದ ಉಣ್ಣೆ ಕೋಟು.

ಆ ಕೋಟಿನ ಕಥೆ ಬೀದಿಯಲ್ಲಿ ಯಾರಿಗೆ ಗೊತ್ತಿಲ್ಲ? ಟೀಚರಮ್ಮನ ಅಪ್ಪ ಮನೆಮನೆಗೆ ನೀರು ಹೊರುತ್ತಿದ್ದವರು. ಆಗ ನಲ್ಲಿ ಇರಲಿಲ್ಲ. ಇಳಿಜಾರಿನ ಕೆಳಗಿನ ಪಂಪಿನಿಂದ ಮೆಟ್ಟಿಲು ಹತ್ತಿ ತರಬೇಕಿತ್ತು. ಮಗಳಿಗೆ ಶಾಲೆಯಲ್ಲಿ ಕೆಲಸ ಸಿಕ್ಕ ವರ್ಷ, ಮಗಳು ತರಗತಿಯ ಮುಂದೆ ಚಳಿಗೆ ನಡುಗುತ್ತಾ ನಿಲ್ಲಬಾರದೆಂದು ಅವರು ಆಚೆ ಪೇಟೆಯ ದರ್ಜಿಯ ಹತ್ತಿರ ಹೊಸ ಕೋಟು ಹೊಲಿಸಿಕೊಟ್ಟರು. ಪ್ರತಿ ವರ್ಷ ಶಾಲೆಯ ಮೊದಲ ಚಳಿಯ ದಿನ ಟೀಚರಮ್ಮ ಅದನ್ನು ಹಾಕಿಕೊಂಡು ಬಂದು ಈ ಕಥೆ ಹೇಳುತ್ತಿದ್ದರು. ಬೀದಿಯ ಮೂರು ತಲೆಮಾರು ಅದನ್ನು ಕೇಳಿದೆ. ಆ ಕೋಟು ಅವರು ಲಾಂಡ್ರಿಗೆ ಎಂದೂ ಕೊಟ್ಟಿರಲಿಲ್ಲ. ತಾವೇ ಬ್ರಷ್ ಮಾಡಿಕೊಳ್ಳುತ್ತಿದ್ದರು.

ನನ್ನ ಸರದಿ ಬಂದಾಗ ಅಜ್ಜಿ ಹೇಳಿಕೊಟ್ಟಂತೆ "ಬಿಸಿ ಇರ್ತಿತ್ತು" ಎಂದೆ. ಎಲ್ಲರೂ ನಕ್ಕರು. ಗ್ರಂಥಾಲಯದಾಕೆ ಬಿಡಲಿಲ್ಲ.

"ನೀವು ಬಟ್ಟೆಗಳಿಗೆ ಏನೋ ಗುರುತು ಹಾಕ್ತೀರಂತಲ್ಲ, ಅದನ್ನ ಹೇಳಮ್ಮ."

"ಅವಳ ಬಾಯಲ್ಲಿ ಮಾತು ಹೊರಡಿಸೋಕೆ ಹಾರೆ ಬೇಕು ತಾಯಿ" ಎಂದ ಕಟಿಂಗ್ ಮಾವ.

"ಒಂದು ತೋರಿಸು ಸಾಕು" ಎಂದಳು ಆಕೆ.

ನಾನು ಪಕ್ಕದಲ್ಲಿದ್ದ ಮಾವನ ಶರ್ಟಿನ ಕಾಲರು ಹಿಂದಿನಿಂದ ಎತ್ತಿ ತೋರಿಸಿದೆ. ಕತ್ತರಿ ಗುರುತು. "ಅಯ್ಯೋ, ನಾನು ಇಷ್ಟು ವರ್ಷ ಮುದ್ರೆ ಒತ್ತಿಸಿಕೊಂಡ ದನದ ಹಾಗೆ ತಿರುಗಾಡ್ತಿದ್ದೀನಾ?" ಎಂದು ಅವನು ಕೂಗಿದ. ಮತ್ತೆ ನಗು. ಈ ಸಲ ನನ್ನನ್ನು ನೋಡಿ ನಗಲಿಲ್ಲ, ನನ್ನ ಜೊತೆಗೆ ನಕ್ಕರು. ಒಬ್ಬೊಬ್ಬರೇ ಬಂದು ತಮ್ಮ ಕಾಲರು ತೋರಿಸಿದರು. ಕಣ್ಣು ಮುಚ್ಚಿ ಬೆರಳಲ್ಲೇ ಹೇಳು ಎಂದರು. ಹೇಳಿದೆ. ಚಪ್ಪಾಳೆ ತಟ್ಟಿದರು. ನನ್ನ ದನಿ ಆ ಕೋಣೆಯ ಕೊನೆಯವರೆಗೂ ಕೇಳುತ್ತಿತ್ತು. ಅದು ನನಗೇ ಕೇಳಿಸಿತು, ಮತ್ತು ಹಿತವಾಗಿತ್ತು.

ಆಗ ಗ್ರಂಥಾಲಯದಾಕೆ ಮೇಜಿನ ಮೇಲಿದ್ದ ಕೋಟನ್ನೆತ್ತಿ ನನ್ನ ಕೈಗೆ ಕೊಟ್ಟಳು. "ಇದರಲ್ಲೂ ಇದೆಯಾ ನೋಡು."

"ಅದರಲ್ಲಿ ಇರಲ್ಲ. ಅದು ಲಾಂಡ್ರಿ ಕಂಡಿದ್ದೇ ಇಲ್ಲ" ಎಂದರು ಟೀಚರಮ್ಮ, ನಗುತ್ತಲೇ.

ನಾನು ಕಾಲರು ಸವರಿದೆ. ಒಳಗಿನ ಅಸ್ತರಿನಲ್ಲಿ ನೂಲು ಇರಲಿಲ್ಲ. ಆದರೆ ನೂಲು ಬಿಚ್ಚಿದ ಜಾಗ ಬೆರಳಿಗೆ ಸಿಕ್ಕಿತು. ದಪ್ಪ ಬಟ್ಟೆಯಲ್ಲಿ ಹೊಲಿಗೆ ಬಹಳ ದಿನ ಇದ್ದರೆ ಬಿಚ್ಚಿದ ಮೇಲೂ ತೂತುಗಳ ಸಾಲು ಉಳಿಯುತ್ತದೆ. ಒಂದು ಉದ್ದ ಗೆರೆ, ಅದಕ್ಕೆ ಮೂರು ಚಿಕ್ಕ ಗೆರೆ. ಮೂರು ಹಲ್ಲಿನ ಬಾಚಣಿಗೆ.

ಇದಾದ ಮೇಲೆ ನಾನು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ, ಯೋಚಿಸದೆ ಬಾಯಿಗೆ ಬಂತು ಎಂದು. ಅದು ಸುಳ್ಳು. ಬೆರಳಿಗೆ ಗುರುತು ಸಿಕ್ಕಿದ್ದಕ್ಕೂ ಬಾಯಿ ತೆರೆದದ್ದಕ್ಕೂ ನಡುವೆ ಒಂದು ಗಳಿಗೆ ಇತ್ತು. ಆ ಗಳಿಗೆಯಲ್ಲಿ ನಾನು ಟೀಚರಮ್ಮನ ಮುಖ ನೋಡಿದೆ. ಹೇಳಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ನಾನು ನಿಂತೇ ಇದ್ದ ಆ ಪೀರಿಯಡ್ ನೆನಪಾಯಿತು. ಹೇಳಿದೆ.

"ಇದು ಬೇಕರಿ ಮನೆ ಕೋಟು. ಗುರುತು ಬಿಚ್ಚಿದ್ದಾರೆ. ಸವೆದ ಬದಿ ಕಾಣದ ಹಾಗೆ ಕಾಲರು ತಿರುವಿ ಹೊಲಿದಿದ್ದಾರೆ. ಹೊಸದಾಗಿ ಹೊಲಿಸಿದ್ದಲ್ಲ."

ಯಾರೂ ನಗಲಿಲ್ಲ. ಬೇಕರಿಯಣ್ಣ, ಐವತ್ತೈದು ದಾಟಿದ ಮನುಷ್ಯ, ಅಚ್ಚುಗಳನ್ನು ಜೋಡಿಸುತ್ತಿದ್ದವನು ತಲೆ ಎತ್ತಿದ. ಗ್ರಂಥಾಲಯದಾಕೆ ಬರೆಯುತ್ತಿದ್ದ ಪೆನ್ನು ನಿಲ್ಲಿಸಲಿಲ್ಲ, ಅವಳಿಗೆ ಅರ್ಥವಾಗಿರಲಿಲ್ಲ. "ಎಷ್ಟು ಚೆನ್ನಾಗಿದೆ, ಒಂದು ಕೋಟಿಗೆ ಎರಡು ಮನೆ!" ಎಂದಳು.

ಟೀಚರಮ್ಮ ನನ್ನ ಹತ್ತಿರ ಬಂದರು. ಕನ್ನಡಕ ಸರಿಮಾಡಿಕೊಂಡು ಕಾಲರಿನ ಒಳಗೆ ನೋಡಿದರು. ಐವತ್ತು ವರ್ಷ ಹಾಕಿಕೊಂಡ ಕೋಟಿನಲ್ಲಿ ಅವರು ಆ ತೂತುಗಳನ್ನು ಕಂಡೇ ಇರಲಿಲ್ಲವೆಂದು ಅವರ ಮುಖ ನೋಡಿದ ಕೂಡಲೇ ನನಗೆ ತಿಳಿಯಿತು. ಅವರು ಇಷ್ಟು ವರ್ಷ ಹೇಳಿದ್ದು ಸುಳ್ಳಾಗಿರಲಿಲ್ಲ. ಅವರೂ ನಂಬಿದ್ದರು.

"ಹೌದಾ" ಎಂದರು, ಅಷ್ಟೇ. ಕೈಚೀಲ ತೆಗೆದುಕೊಂಡು ಹೊರಟುಹೋದರು. ಕೋಟು ನನ್ನ ಕೈಯಲ್ಲೇ ಉಳಿಯಿತು.

ಕೋಟು ತೆಗೆದುಕೊಂಡು ಮನೆಗೆ ಬಂದು ಅಜ್ಜಿಗೆ ಹೇಳಿದೆ. ಅವಳು ಇಸ್ತ್ರಿ ಮಾಡುತ್ತಿದ್ದಳು. ಪೆಟ್ಟಿಗೆಯನ್ನು ಎತ್ತಿ ಬದಿಗಿಟ್ಟಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಕೋಟು ತೆಗೆದುಕೊಂಡು ಹಿಂದಿನ ಕೋಣೆಗೆ ಹೋದಳು. ಊಟಕ್ಕೆ ಕರೆದರೂ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾನು ಶಟರ್ ಎತ್ತುವ ಹೊತ್ತಿಗೆ ಮಾತು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ, ಉಪ್ಪುಖಾರ ಹಚ್ಚಿಸಿಕೊಂಡು ವಾಪಸು ಬಂದಿತ್ತು. ಕಟಿಂಗ್ ಮಾವ ಬಾಗಿಲಲ್ಲೇ ನಿಂತು ಕೂಗಿದ.

"ಏನೇ ಗುಮ್ಮಿ, ಹತ್ತು ವರ್ಷಕ್ಕೊಂದು ಸಲ ಬಾಯಿ ಬಿಟ್ಟೆ, ಅದೂ ಬಾಂಬೇ ಹಾಕಿದೆಯಲ್ಲ! ಹೊಸ ಕೋಟಂತೆ, ಆಚೆ ಪೇಟೆ ದರ್ಜಿಯಂತೆ. ಆ ಕಥೆ ಕೇಳಿ ನಮ್ಮಪ್ಪ ನನಗೆ ಎಷ್ಟು ಸಲ ಬುದ್ಧಿ ಹೇಳಿದ್ದ ಗೊತ್ತಾ? ನೋಡು ನೀರು ಹೊರೋನು ಮಗಳಿಗೆ ಕೋಟು ಹೊಲಿಸಿದ, ನೀನು ಒಂದು ಬಾಚಣಿಗೆ ನೆಟ್ಟಗೆ ಹಿಡಿ ಅಂತ."

ನಾನು ಒಳಗೆ ಹೋದೆ. ಸ್ವಲ್ಪ ಹೊತ್ತಿಗೆ ಬೇಕರಿಯಣ್ಣ ಬಂದ. ಏಪ್ರನ್ ಕೂಡ ಬಿಚ್ಚಿರಲಿಲ್ಲ, ತೋಳಿಗೆಲ್ಲ ಹಿಟ್ಟು.

"ಅದು ನಮ್ಮಮ್ಮನ ಕೋಟು" ಎಂದ. "ನನಗೆ ಐದು ವರ್ಷ ಇದ್ದಾಗ ಅಮ್ಮ ಹೋದಳು. ಅವಳದು ಅಂತ ಮನೇಲಿ ಒಂದು ಚೂರು ಬಟ್ಟೆ ಇಲ್ಲ. ಕೋಟು ಎಲ್ಲಿ ಅಂತ ಕೇಳಿದ್ರೆ ಅಪ್ಪ, ಲಾಂಡ್ರಿಯವರು ಕಳೆದುಹಾಕಿದ್ರು ಅಂತಿದ್ದ. ಈಗ ಗೊತ್ತಾಯ್ತು ಎಲ್ಲಿ ಕಳೀತು ಅಂತ. ನಿಮ್ಮ ಅಂಗಡಿಗೂ ಟೀಚರಮ್ಮನ ಅಪ್ಪನೇ ಅಲ್ವಾ ನೀರು ಹಾಕ್ತಿದ್ದಿದ್ದು? ದಿನಾ ಹಿಂದಿನ ಬಾಗಿಲಿಂದ ಒಳಗೆ ಬರ್ತಿದ್ದೋರಿಗೆ ಒಂದು ಕೋಟು ಎತ್ತಿಕೊಂಡು ಹೋಗೋದು ಎಷ್ಟರ ಮಾತು?"

ಅಜ್ಜಿ ಹಿಂದಿನ ಕೋಣೆಯಿಂದ ಕೇಳಿಸಿಕೊಳ್ಳುತ್ತಿದ್ದಳು. ಹೊರಗೆ ಬರಲಿಲ್ಲ.

"ಟೀಚರಮ್ಮನ ಮನೆಗೂ ಹೋಗಿದ್ದೆ" ಎಂದ ಅವನು, ದನಿ ತಗ್ಗಿಸಿ. "ಬಾಗಿಲು ತೆಗೀಲಿಲ್ಲ. ಒಳಗಿಂದಲೇ, ನಿಮ್ಮದಾದ್ರೆ ತಗೊಂಡು ಹೋಗಿ, ಬೇರೆಯವರದ್ದು ನನಗೆ ಬೇಡ ಅಂದ್ರು. ಹಾಗಂದ ಮೇಲೆ ಇನ್ನೇನು, ಒಪ್ಪಿಕೊಂಡ ಹಾಗೇ ಆಯ್ತಲ್ಲ. ಕೊಡು ಕೋಟು."

"ನಾಳೆ ಬಾಪ್ಪ" ಎಂದಳು ಅಜ್ಜಿ ಒಳಗಿನಿಂದ. ಅವಳ ದನಿಯಲ್ಲಿ ಏನೋ ಇತ್ತು. ಬೇಕರಿಯಣ್ಣ ಎದುರಾಡದೆ ಹೋದ.

ಬಾಯ್ಲರ್ ಕೆಳಗೆ ಬೆಂಕಿ ಉರಿಯುತ್ತಿತ್ತು. ಅಜ್ಜಿ ಮಣೆಯ ಮೇಲೆ ಕೂತು, ಕೋಟು ಮಡಿಲಲ್ಲಿಟ್ಟುಕೊಂಡು, ನನ್ನನ್ನು ನೋಡದೆ ಹೇಳಿದಳು.

ಕೋಟು ಕಳೆದಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ದೊಡ್ಡ ಬೇಕರಿಯವರು, ಅಂದರೆ ಈ ಬೇಕರಿಯಣ್ಣನ ಅಪ್ಪ, ಒಗೆಯಲು ಬಂದಿದ್ದ ಕೋಟನ್ನು ವಾಪಸು ಒಯ್ಯಲಿಲ್ಲ. ಅಜ್ಜಿ ಮನೆಗೆ ಮುಟ್ಟಿಸಲು ಹೋದರೆ ಬಾಗಿಲಲ್ಲೇ ತಡೆದರು. ಇದು ಮೊಳೆಯಲ್ಲಿ ನೇತಾಡುವುದನ್ನು ನೋಡಲಾರೆ, ಯಾರಿಗಾದರೂ ಕೊಡು, ಮಗು ಕೇಳಿದರೆ ಕಳೆದುಹೋಯಿತು ಎನ್ನುತ್ತೇನೆ, ನೀನೂ ಹಾಗೇ ಹೇಳು ಎಂದರು. ಹೀಗಾಗಿ ಐವತ್ತು ವರ್ಷ ನಮ್ಮ ಅಂಗಡಿ ಬೇಕರಿಯವರ ಕೋಟು ಕಳೆದ ಅಂಗಡಿಯಾಯಿತು. ಅಜ್ಜಿ ಒಂದು ಮಾತೂ ಎತ್ತಲಿಲ್ಲ.

ಮುಂದಿನ ಚಳಿಗಾಲಕ್ಕೆ ನೀರು ಹೊರುವವರು ಬಂದು ಕೇಳಿದರು. ಮಗಳಿಗೆ ಕೆಲಸ ಸಿಕ್ಕಿದೆ, ಹಾಕಿಕೊಳ್ಳಲು ಕೋಟಿಲ್ಲ, ಗೂಡಿನಲ್ಲಿ ಒಂದಿದೆಯಲ್ಲ. ಅಜ್ಜಿ ಸುಮ್ಮನೆ ಕೊಡಲು ಹೋದಳು. ಅವರು ಒಪ್ಪಲಿಲ್ಲ. ಸುಮ್ಮನೆ ಕೊಟ್ಟಿದ್ದು ಮಗಳ ಮೈಮೇಲೆ ಹಾಕಲಾರೆ ಎಂದರು. ಎಂಟು ತಿಂಗಳು, ಬೇರೆ ಮನೆಗಳ ಕೆಲಸ ಮುಗಿಸಿ, ನಮ್ಮ ತೊಟ್ಟಿಗಳಿಗೆ ದಿನಕ್ಕೆ ಇಪ್ಪತ್ತು ಕೊಡ ಹೆಚ್ಚಿಗೆ ಹೊತ್ತರು. ಮಗಳಿಗೆ ಹಳೆಯದೆಂದು ತಿಳಿಯಬಾರದೆಂದು ಅಜ್ಜಿಯ ಕೈ ಹಿಡಿದು ಕೇಳಿಕೊಂಡರು. ಅಜ್ಜಿ ಗುಂಡಿ ಬದಲಿಸಿದಳು, ಕಾಲರು ತಿರುವಿದಳು, ಗುರುತು ಬಿಚ್ಚಿದಳು.

"ತೂತು ಮುಚ್ಚೋಕೆ ಆವಿ ಹಿಡಿದೆ, ಉಜ್ಜಿದೆ" ಎಂದಳು. "ಕಣ್ಣಿಗೆ ಕಾಣ್ತಿರಲಿಲ್ಲ. ನಿನ್ನಂಥ ಬೆರಳು ಬರುತ್ತೆ ಅಂತ ನನಗೇನು ಗೊತ್ತು."

"ಅಜ್ಜಿ, ನನಗೆ ಗೊತ್ತಿರಲಿಲ್ಲ."

"ಏನು ಗೊತ್ತಿರಲಿಲ್ಲ? ನೀರು ಹೊತ್ತಿದ್ದು ಗೊತ್ತಿರಲಿಲ್ಲ. ಹೇಳಬಾರದು ಅನ್ನೋದು ಗೊತ್ತಿತ್ತಲ್ಲ?"

ನಾನು ಬಾಯ್ಲರ್ ಕೆಳಗೆ ಒಂದು ಸೌದೆ ತಳ್ಳಿದೆ.

"ನಾನು ಮಾತು ಕೊಟ್ಟಿದ್ದೆ ಅವರಿಗೆ. ಈಗ ಕಳ್ಳ ಅಂತಿದ್ದಾರೆ. ಸತ್ತೋರು ಎದ್ದು ಬಂದು ಹೇಳ್ತಾರಾ?" ಕೋಟನ್ನು ನನ್ನ ಕೈಗಿಟ್ಟಳು. "ಹೋಗು. ಮೊದಲು ಅವರ ಮಗಳಿಗೆ ಹೇಳು. ಆಮೇಲೆ ಬೇಕರಿಗೆ. ಅಲ್ಲಿಗೆ ನಾನು ಬರ್ತೀನಿ, ಆದ್ರೆ ಮಾತು ನಿನ್ನದೇ."

ಟೀಚರಮ್ಮನ ಮನೆ ಬೀದಿಯ ಮೇಲ್ಗಡೆ, ಎರಡನೇ ಮಹಡಿ. ಹತ್ತು ವರ್ಷ ಬಟ್ಟೆ ಗಂಟು ಹೊತ್ತು ಹತ್ತಿದ ಮೆಟ್ಟಿಲು. ಆವತ್ತು ಒಂದೇ ಒಂದು ಕೋಟು ಹೊತ್ತಿದ್ದರೂ ಎರಡು ಕಡೆ ನಿಂತೆ. ಹಿಂದಿರುಗಿ ಹೋಗಿ, ಇರಲಿಲ್ಲ ಎಂದು ಅಜ್ಜಿಗೆ ಹೇಳೋಣವೆಂದು ಒಂದು ಸಲ ಅನ್ನಿಸಿತು. ಗುರುತು ತಪ್ಪಾಗಿ ಓದಿದೆ ಎಂದುಬಿಡೋಣವೆಂದು ಇನ್ನೊಂದು ಸಲ. ಬಾಗಿಲು ತಟ್ಟಿದೆ.

ಬಾಗಿಲು ಒಂದು ಗೇಣು ತೆರೆಯಿತು. ಅವರು ಶಾಲು ಹೊದ್ದಿದ್ದರು. ಒಳಗೆ ಬಾ ಎನ್ನಲಿಲ್ಲ.

"ಅದನ್ನ ತಗೊಂಡು ಹೋಗಿ ಅಂತ ಬೇಕರಿಯವರಿಗೆ ಹೇಳಿದ್ದೆನಲ್ಲ."

ನಾನು ನೆಲ ನೋಡಿಕೊಂಡು ಎಲ್ಲವನ್ನೂ ಹೇಳಿದೆ. ಮಾತು ತಡವರಿಸಿತು, ಎರಡು ಸಲ ಹಿಂದಿನದು ಮುಂದಾಯಿತು. ದೊಡ್ಡ ಬೇಕರಿಯವರು ಕೊಟ್ಟಿದ್ದು, ಎಂಟು ತಿಂಗಳು, ದಿನಕ್ಕೆ ಇಪ್ಪತ್ತು ಕೊಡ, ಗುಂಡಿ, ಕಾಲರು, ಅಜ್ಜಿಯ ಹತ್ತಿರ ತೆಗೆದುಕೊಂಡ ಮಾತು.

"ಎಂಟು ತಿಂಗಳು ಅಂದ್ರೆ ಬೇಸಿಗೆ ತನಕ" ಎಂದರು, ನನಗಲ್ಲ. "ಆ ವರ್ಷ ಭುಜಕ್ಕೆ ಎಣ್ಣೆ ಹಚ್ಚು ಅಂತ ದಿನಾ ಸಂಜೆ ಕೇಳ್ತಿದ್ರು. ನಾನು ನೋಟ್ಸು ಬರೀಬೇಕು, ನೀವೇ ಹಚ್ಚಿಕೊಳ್ಳಿ ಅಂತಿದ್ದೆ."

ನಾನು ಕೋಟು ಮುಂದೆ ಹಿಡಿದೆ. ಅವರು ತೆಗೆದುಕೊಳ್ಳಲಿಲ್ಲ.

"ಒಂದು ಕೇಳ್ತೀನಿ. ತಲೆ ಎತ್ತಿ ಹೇಳು. ಅಲ್ಲಿ ಅಷ್ಟು ಜನರ ಮುಂದೆ ಹೇಳುವಾಗ, ನನಗೆ ನೋವಾಗುತ್ತೆ ಅಂತ ಗೊತ್ತಿತ್ತಾ?"

ಇಲ್ಲ ಎಂದರೆ ನಂಬುತ್ತಿದ್ದರೇನೋ. ಅವರು ನಂಬಲು ತಯಾರಾಗಿ ನಿಂತಂತಿತ್ತು.

"ಗೊತ್ತಿತ್ತು" ಎಂದೆ.

"ಮತ್ತೆ?"

"ಆದ್ರೂ ಹೇಳಿದೆ."

"ಯಾಕೆ?"

"ನೀವು ನನ್ನ ನಿಲ್ಲಿಸಿದ್ರಿ. ಶಾಲೇಲಿ. ಪೀರಿಯಡ್ ಪೂರ್ತಿ."

ಹೇಳಿದ ಕೂಡಲೇ ಅದು ನನಗೇ ಬಹಳ ಸಣ್ಣದಾಗಿ ಕೇಳಿಸಿತು. ಐವತ್ತು ವರ್ಷದ ಕೋಟು, ಇಪ್ಪತ್ತು ಕೊಡ ನೀರು, ಸತ್ತ ಮನುಷ್ಯನ ಹೆಸರು ಒಂದು ಕಡೆ. ಇನ್ನೊಂದು ಕಡೆ ನನ್ನ ನಲವತ್ತು ನಿಮಿಷ.

ಅವರು ನೆನಪಿಸಿಕೊಳ್ಳಲು ನೋಡಿದರು. ನೆನಪಾಗಲಿಲ್ಲವೆಂದು ಕಾಣುತ್ತದೆ. ಆ ಮನೆಯ ಬಾಗಿಲಲ್ಲಿ ನನಗೆ ಹೆಚ್ಚು ನಾಚಿಕೆಯಾದದ್ದು ಆಗ.

"ಆಗಲಿ" ಎಂದರು. "ಇಷ್ಟಾದ್ರೂ ಹೇಳಿದೆಯಲ್ಲ." ಈಗ ಕೋಟು ತೆಗೆದುಕೊಂಡರು. ಎರಡೂ ಕೈಯಲ್ಲಿ, ಭಾರದ್ದನ್ನು ತೆಗೆದುಕೊಳ್ಳುವ ಹಾಗೆ. "ಇದು ನಮ್ಮಪ್ಪ ದುಡಿದು ತಂದಿದ್ದು. ಬೇಕರಿಯವರಿಗೆ ಕೊಡಲ್ಲ ಅಂತ ಹೇಳು." ಬಾಗಿಲು ಮುಚ್ಚಿತು.

ಶನಿವಾರ ಬೆಳಿಗ್ಗೆ ಬೇಕರಿಯ ಮುಂದೆ ಸಾಲು ಇರುತ್ತದೆಂದು ಗೊತ್ತಿದ್ದೇ ಅಜ್ಜಿ ಆ ಹೊತ್ತಿಗೆ ಹೊರಟಳು. ಕೋಲು ಒಂದು ಕೈಯಲ್ಲಿ, ನನ್ನ ರಟ್ಟೆ ಇನ್ನೊಂದರಲ್ಲಿ. ಸಾಲಿನಲ್ಲಿ ಹನ್ನೆರಡು ಹದಿಮೂರು ಜನ. ಕಟಿಂಗ್ ಮಾವನೂ ಇದ್ದ.

"ಏನಜ್ಜಿ, ಮಂಡಿ ಸರಿಹೋಯ್ತಾ? ಗುಮ್ಮೀನ ಹಿಡ್ಕೊಂಡು ಬಂದಿದ್ದೀರಿ, ಇವತ್ತು ಯಾರ ಕಾಲರು ಎತ್ತಿಸ್ತೀರಿ?"

"ಇವತ್ತು ಅವಳದ್ದೇ" ಎಂದಳು ಅಜ್ಜಿ.

ಬೇಕರಿಯಣ್ಣ ಕಟ್ಟೆಯ ಹಿಂದಿನಿಂದ ನೋಡಿದ. "ಕೋಟು ತಂದ್ರಾ?"

ಅಜ್ಜಿ ನನ್ನ ಬೆನ್ನಿಗೆ ಬೆರಳಿಂದ ತಿವಿದಳು. ನಾನು ಶುರು ಮಾಡಿದೆ. ಮೊದಲ ಮಾತು ಯಾರಿಗೂ ಕೇಳಲಿಲ್ಲ. ಮತ್ತೆ ಹೇಳಿದೆ. ಕೋಟು ದೊಡ್ಡ ಬೇಕರಿಯವರೇ ಕೊಟ್ಟಿದ್ದು, ಟೀಚರಮ್ಮನ ಅಪ್ಪ ಕದ್ದಿದ್ದಲ್ಲ, ನೀರು ಹೊತ್ತು ಸಂಪಾದಿಸಿದ್ದು, ಟೀಚರಮ್ಮನಿಗೆ ಹಳೆಯದೆಂದು ಗೊತ್ತಿರಲಿಲ್ಲ, ನಾನು ಹೇಳಬಾರದ್ದನ್ನು ಬೇಕೆಂದೇ ಹೇಳಿದೆ.

"ನಮ್ಮಪ್ಪ ಕೊಟ್ಟಿದ್ದಾ?" ಎಂದ ಬೇಕರಿಯಣ್ಣ. ಅವನಿಗೆ ಅದೊಂದೇ ಕೇಳಿಸಿತ್ತು. "ಅಮ್ಮನ ಕೋಟು ಅಪ್ಪನೇ ಕೊಟ್ಟುಬಿಟ್ಟನಾ?"

"ನೋಡೋಕಾಗ್ತಿರಲಿಲ್ಲ ಕಣಪ್ಪ ಅವರಿಗೆ" ಎಂದಳು ಅಜ್ಜಿ. "ನಿನಗೆ ಹೇಳೋಕೆ ಬಾಯಿ ಬರಲಿಲ್ಲ. ಕಳೆದೆ ಅಂತ ನನ್ನ ಮೇಲೆ ಹಾಕಿದ್ರು. ಹಾಕಲಿ ಅಂದೆ."

"ನಾನು ದೊಡ್ಡವನಾದ ಮೇಲಾದ್ರೂ ಹೇಳಬಹುದಿತ್ತಲ್ಲ" ಎಂದ. ಯಾರಿಗೆ ಹೇಳಿದನೋ. ಒಳಗೆ ಒಲೆಯ ಕಡೆಗೆ ಹೋದ. ಸ್ವಲ್ಪ ಹೊತ್ತಿಗೆ ಸೀದ ವಾಸನೆ ಬಂತು. ಸಾಲಿನವರು ಗೊಣಗಿದರು. ಒಬ್ಬರ ಹೆಸರು ಉಳಿಸಲು ಹೋಗಿ ಇನ್ನೊಬ್ಬನ ಅಪ್ಪನನ್ನು ಕಸಿದುಕೊಂಡೆನೆಂದು ನನಗೆ ಆಗ ಹೊಳೆಯಿತು. ಬೇರೆ ದಾರಿ ಇತ್ತೇ? ಇತ್ತು. ಗುರುವಾರ ಬಾಯಿ ಮುಚ್ಚಿಕೊಂಡಿರುವುದು.

ನಾನು ಅಂದುಕೊಂಡದ್ದು, ಗುರುವಾರದ ಮಾತಿನ ಹಾಗೇ ಇದೂ ಮಧ್ಯಾಹ್ನದೊಳಗೆ ಬೀದಿಯೆಲ್ಲ ಹರಡುತ್ತದೆಂದು. ಹರಡಲಿಲ್ಲ. ಸಾಲಿನ ಕೊನೆಯಲ್ಲಿದ್ದವರೇ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. "ಹೌದಾ, ನೀರು ಹೊತ್ತಿದ್ದಾ" ಎಂದು ಬ್ರೆಡ್ಡು ತೆಗೆದುಕೊಂಡು ಹೋದರು. ಭಾನುವಾರ ಪ್ರದರ್ಶನಕ್ಕೆ ಬಂದವರು ಕೋಟಿದ್ದ ಜಾಗ ಖಾಲಿ ಇರುವುದನ್ನು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಳ್ಳತನದ ಕಥೆಗೆ ಕಾಲಿತ್ತು. ನನ್ನದಕ್ಕೆ ಇರಲಿಲ್ಲ.

ಸೋಮವಾರ ಟೀಚರಮ್ಮ ತಾವೇ ಲಾಂಡ್ರಿಗೆ ಬಂದರು. ಎರಡು ದೊಡ್ಡ ಗಂಟು. ಒಂದನ್ನು ಇಳಿಸಿ, ಮತ್ತೆ ಮನೆಗೆ ಹೋಗಿ ಇನ್ನೊಂದನ್ನು ತಂದರು. ನಾನು ಹೊರಲು ಹೋದರೆ ಕೈ ಅಡ್ಡ ಹಿಡಿದರು. ಒಗೆಯಲು ಕೊಡುವಷ್ಟು ಅಲ್ಲ, ಮನೆಯಲ್ಲಿದ್ದ ಬಟ್ಟೆಯೆಲ್ಲ. ಹೊದಿಕೆ, ದಿಂಬಿನ ಚೀಲ, ಟವೆಲು, ಅಂಗಿಗಳು.

"ಇದೆಲ್ಲ ತೊಳೆದಿರೋದೇ" ಎಂದರು. "ನಿಮ್ಮ ಗುರುತು ಬಿಚ್ಚಿಕೊಡು. ಇನ್ನು ನನ್ನ ಬಟ್ಟೆ ನಾನೇ ಒಗೆದುಕೊಳ್ತೀನಿ."

"ಟೀಚರಮ್ಮ" ಎಂದಳು ಅಜ್ಜಿ.

"ನಿಮ್ಮ ಮೇಲೆ ಕೋಪ ಇಲ್ಲ ಅಕ್ಕ. ನೀವು ಅಪ್ಪನ ಮಾತು ಉಳಿಸಿದ್ರಿ. ಆದ್ರೆ ಇನ್ನು ನನ್ನ ಬಟ್ಟೆ ಇವಳ ಕೈಗೆ ಕೊಡೋಕೆ ನನ್ನಿಂದ ಆಗಲ್ಲ." ನನ್ನ ಕಡೆ ತಿರುಗಿದರು. "ನೀನೇ ಬಿಚ್ಚು. ಅಜ್ಜಿ ಕೈಲಿ ಬಿಚ್ಚಿಸಬೇಡ. ಒಳಗೆ ಕೂತು ಬೇಡ, ಮುಂದೆ ಕೂತ್ಕೋ."

ಕೌಂಟರಿನ ಪಕ್ಕ, ಬೀದಿಗೆ ಮುಖ ಮಾಡಿ ಕೂತೆ. ಅರವತ್ತೆರಡು ಬಟ್ಟೆ. ಸೂಜಿಯ ತುದಿಯಿಂದ ಹೊಲಿಗೆ ಎತ್ತಿ, ಕತ್ತರಿಸಿ, ನೂಲು ಎಳೆದು, ತೂತಿನ ಮೇಲೆ ನೀರು ಹಚ್ಚಿ ಉಗುರಿನಿಂದ ಉಜ್ಜಬೇಕು. ಹಳೆಯ ಚೌಕಗಳು ಅಜ್ಜಿ ಹಾಕಿದ್ದವು, ಸಮನಾಗಿ, ಬಿಗಿಯಾಗಿ. ಈಚಿನ ಹತ್ತು ವರ್ಷದವು ನಾನು ಹಾಕಿದವು. ಮೊದಲ ವರ್ಷದವು ಸೊಟ್ಟಗಿದ್ದವು. ಅವು ಬೇಗ ಬಿಚ್ಚಿಕೊಂಡವು.

ಎರಡನೇ ಟವೆಲು ಬಿಚ್ಚುವಾಗ ಮೂಲೆ ಮನೆಯ ತಮ್ಮನ ಹೆಂಡತಿ ಶರ್ಟು ಕೊಡಲು ಬಂದಳು.

"ಏನೇ ಇದು, ಗುರುತು ಹಾಕೋದು ನೋಡಿದ್ದೀನಿ, ಬಿಚ್ಚೋದು ನೋಡಿಲ್ಲ. ಯಾರದ್ದು?"

"ಟೀಚರಮ್ಮನದು" ಎಂದೆ.

"ಅಯ್ಯೋ, ಕೋಟು ಕದ್ದ ವಿಷಯಕ್ಕಾ?"

"ಕದ್ದಿದ್ದಲ್ಲ ಚಿಕ್ಕಮ್ಮ" ಎಂದೆ. ಮೊದಲಿನಿಂದ ಹೇಳಿದೆ. ನಾನು ಬೇಕೆಂದೇ ಹೇಳಿದೆನೆಂಬುದನ್ನೂ ಬಿಡಲಿಲ್ಲ. ಅಲ್ಲಿಗೆ ಬಂದಾಗ ಅವಳು ಶರ್ಟನ್ನು ಕೌಂಟರಿನ ಮೇಲಿಂದ ತುಸು ತನ್ನ ಕಡೆಗೆ ಎಳೆದುಕೊಂಡಳು. ಕೊಡಲೋ ಬೇಡವೋ ಎಂದು ನೋಡಿದಳು. ಕೊನೆಗೆ ಜೇಬು ಸವರಿ, ಒಳಗೆ ಏನೂ ಇಲ್ಲವೆಂದು ಎರಡು ಸಲ ನೋಡಿ, ಬಿಟ್ಟುಹೋದಳು.

ಅವಳ ಹಿಂದೆಯೇ ಇನ್ನೊಬ್ಬರು ಬಂದರು. ಅವರೂ ಕೇಳಿದರು. ಸಂಜೆಯೊಳಗೆ ಹನ್ನೊಂದು ಬಟ್ಟೆ ಮುಗಿಯಿತು, ಒಂಬತ್ತು ಸಲ ಹೇಳಿದೆ. ಕಟಿಂಗ್ ಮಾವ ಅಂಗಡಿ ಮುಚ್ಚುವಾಗ ಬಂದು ಕೌಂಟರಿಗೆ ಒರಗಿ ನಿಂತ. ಏನಾದರೂ ಹಾಸ್ಯ ಮಾಡುತ್ತಾನೆಂದು ಕಾದೆ. ಮಾಡಲಿಲ್ಲ. "ಇನ್ನೂ ಎಷ್ಟಿವೆ?" ಎಂದು ಮಾತ್ರ ಕೇಳಿದ.

"ಐವತ್ತೊಂದು" ಎಂದೆ. ಗಂಟಿನಿಂದ ಮುಂದಿನ ದಿಂಬಿನ ಚೀಲ ತೆಗೆದು ಅಂಚು ತಿರುವಿದೆ.